ರಕ್ಕಸನ ಮುಖ ಕೊಳ್ಳಬೇಡಿ, ಮಾಡಿ!

ಅಕ್ಟೋಬರ್ 31ರ ರಾತ್ರಿ ಬೆಂಗಳೂರಿನ ಮಾಲ್‌ಗಳಲ್ಲಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ, ಕೆಲವು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಹ್ಯಾಲೋವೀನ್ ಎಂಬ ಹಬ್ಬ ನಡೆಯುತ್ತದೆ. ಮಕ್ಕಳು ರಬ್ಬರಿನ ದೆವ್ವದ ಮುಖ ಹಾಕಿಕೊಂಡು ಮನೆ ಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ರಾತ್ರಿ ಕಳೆದರೆ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಅದೇ ಮಕ್ಕಳ ಹೆಗಲಿಗೆ ಹಳದಿ-ಕೆಂಪು ಶಾಲು ಬೀಳುತ್ತದೆ. ಒಂದೇ ರಾತ್ರಿಯ ಅಂತರದಲ್ಲಿ ಎರಡು ವೇಷ!

ಇದನ್ನು ಕಂಡಾಗ ನಮ್ಮ ಗೆಳೆಯರಲ್ಲಿ ಹಲವರ ರಕ್ತ ಕುದಿಯುತ್ತದೆ. ನುಗ್ಗೋಣ, ನಿಲ್ಲಿಸೋಣ, ಬೋರ್ಡಿಗೆ ಮಸಿ ಬಳಿಯೋಣ ಎನ್ನುತ್ತಾರೆ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಪರದೇಶದ ಹಬ್ಬವೊಂದು ಬಂತು ಎಂಬುದಲ್ಲ ನಮ್ಮ ಸೋಲು. ಮುಖವಾಡ ಮಾಡುವ ಜೇಡಿಮಣ್ಣು ನಮ್ಮಲ್ಲಿದೆ. ರಬ್ಬರ್ ಹಾಲು ನಮ್ಮಲ್ಲಿದೆ. ರಕ್ಕಸನ ಮುಖ ಬರೆಯುವ ವಿದ್ಯೆ ನಮ್ಮಲ್ಲಿ ತಲೆಮಾರುಗಳಿಂದ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಮಗು ಪ್ಲಾಸ್ಟಿಕ್ ಪ್ಯಾಕೆಟ್ ಹರಿದು ಯಾರೋ ಮಾಡಿದ ಮುಖವನ್ನು ತೆಗೆದು ಹಾಕಿಕೊಳ್ಳುತ್ತದೆ. ಇದು ನಮ್ಮ ಸೋಲು. ಈ ಸೋಲಿಗೆ ಮಸಿ ಬಳಿದರೆ ಪ್ರಯೋಜನವಿಲ್ಲ. ಮಸಿ ಬಳಿಯಲು ಎದ್ದ ಕೈ ಮಣ್ಣು ಕಲಸಲಿ ಎಂಬುದೇ ಈ ಲೇಖನದ ವಾದ.

ಹಾಲು ನಮ್ಮದು, ಮುಖ ಯಾರದು?

ದಕ್ಷಿಣ ಕನ್ನಡದ ತೋಡಾರನ್ನೇ ನೋಡಿ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಮಿಜಾರು ದಾಟಿದರೆ ಸಿಗುವ ಊರು. ಅಲ್ಲಿಂದ ಮೂಡುಬಿದಿರೆ, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ಎಂದು ಘಟ್ಟದ ಬುಡದತ್ತ ಸಾಗಿರಿ. ಬಯಲಲ್ಲಿ ಗದ್ದೆ, ತೋಡಿನ ಬದಿಯಲ್ಲಿ ಅಡಿಕೆ, ಗುಡ್ಡದ ಇಳಿಜಾರಿನಲ್ಲಿ ಸಾಲು ಸಾಲು ರಬ್ಬರ್ ಮರ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಟ್ಯಾಪಿಂಗಿನವರು ಗುಡ್ಡ ಹತ್ತುತ್ತಾರೆ. ಬಿಸಿಲೇರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಮರದ ತೊಗಟೆಯಲ್ಲಿ ಓರೆಯಾಗಿ ಒಂದು ತೆಳು ಪದರವನ್ನು ಕೆತ್ತಿದರೆ ಬಿಳಿ ಹಾಲು ಗೆರಟೆಗೆ ತೊಟ್ಟಿಕ್ಕುತ್ತದೆ. ಕತ್ತಿ ಸ್ವಲ್ಪ ಆಳಕ್ಕೆ ಹೋದರೆ ಮರಕ್ಕೇ ಗಾಯ. ಕೈಯ ಅಳತೆ ಗೊತ್ತಿದ್ದವರಿಗೆ ಮಾತ್ರ ಆಗುವ ಕೆಲಸ ಅದು.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೆ ಇನ್ನೊಂದು ಕಥೆಯಿದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಇಂದು ಆ ತೋಟಗಳು 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಬೆಳ್ತಂಗಡಿ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಗುಡ್ಡ ಕಡಿದು ರಬ್ಬರ್ ಬೆಳೆಸಿದವು. ಕನ್ನಡ, ತುಳು, ಮಲಯಾಳ, ತಮಿಳು ಮಾತಾಡುವ ಕೈಗಳೆಲ್ಲ ಸೇರಿ ಈ ಹಾಲು ಇಳಿಸುತ್ತವೆ.

ಆಮೇಲೆ? ಗೆರಟೆಯ ಹಾಲಿಗೆ ನೀರು ಬೆರೆಸಿ, ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನ್ನಿಗೆ ಕೊಟ್ಟು, ಹೊಗೆಗೆ ಒಣಗಿಸಿ ಶೀಟ್ ಮಾಡುತ್ತಾರೆ. ಶೀಟ್ ಲಾರಿ ಹತ್ತುತ್ತದೆ. ಧಾರಣೆ ಏರಿದರೆ ಮನೆಗೆ ಹೊಸ ಹೆಂಚು, ಇಳಿದರೆ ಮರ ಹಾಗೇ ಬಿಡುವುದು. ಅದರಾಚೆಗೆ ಆ ಹಾಲಿನಿಂದ ಏನೇನು ಮಾಡಬಹುದು ಎಂಬ ವಿದ್ಯೆ ನಮ್ಮ ಗುಡ್ಡ ಇಳಿದು ಬರುವುದೇ ಇಲ್ಲ. ಕೈಗವಸು, ಬಲೂನು, ಮುಖವಾಡ ಇವೆಲ್ಲದರ ಮೂಲ ಈ ಹಾಲೇ. ಹಾಲು ಕರೆದವನ ಮಗ ಅಂಗಡಿಯಲ್ಲಿ ಮುಖವಾಡ ಕೊಳ್ಳುವಾಗ ಅದು ತನ್ನ ತಂದೆ ಇಳಿಸುವಂಥದೇ ಹಾಲು ಎಂದು ಅವನಿಗೆ ಹೇಳುವವರಿಲ್ಲ.

ರಬ್ಬರ್ ಮರವೇನು ನಮ್ಮದೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಅದು ಬ್ರೆಜಿಲಿನ ಕಾಡಿನ ಮರ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಸುಮಾರು 70,000 ಬೀಜಗಳನ್ನು ಅಲ್ಲಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳ ಸಂತತಿ ಸಿಲೋನ್, ಮಲಯಾಗಳಿಗೆ ಹಬ್ಬಿತು, ಕೊನೆಗೆ ನಮ್ಮ ಗುಡ್ಡಕ್ಕೂ ಬಂತು. ಗೇರುಮರವೂ ಹಾಗೆಯೇ ಹಡಗು ಹತ್ತಿ ಬಂದದ್ದು. ಬಂದದ್ದನ್ನು ನೆಟ್ಟೆವು, ಬೆಳೆಸಿದೆವು, ಹೆಸರಿಟ್ಟೆವು, ನಮ್ಮದು ಮಾಡಿಕೊಂಡೆವು. ಹೊರಗಿನದು ಎಂಬ ಕಾರಣಕ್ಕೆ ಯಾವುದನ್ನೂ ದೂರ ಇಟ್ಟ ಊರಲ್ಲ ಇದು. ಕೈ ಹಾಕಿ ದುಡಿದದ್ದೆಲ್ಲ ನಮ್ಮದಾಗುತ್ತದೆ, ಕೊಂಡು ತಂದದ್ದು ಮಾತ್ರ ಕೊನೆಯವರೆಗೂ ಪರರದಾಗಿಯೇ ಉಳಿಯುತ್ತದೆ.

ಬಣ್ಣದವರ ಊರಿಗೆ ಮುಖವಾಡದ ಬಡತನವೇ?

ಇನ್ನು ರಕ್ಕಸನ ಮುಖ. ಅಯ್ಯೋ ಮಾರಾಯ್ರೇ, ತೆಂಕುತಿಟ್ಟಿನ ಜನಕ್ಕೆ ರಕ್ಕಸನ ಮುಖ ಹೊರಗಿನಿಂದ ಬರಬೇಕೇ?

ಕಟೀಲು ಮೇಳದ ದೇವಿ ಮಹಾತ್ಮೆ ನೋಡಿದವರಿಗೆ ಗೊತ್ತು. ನಡುರಾತ್ರಿ ದಾಟಿದೆ, ಮಕ್ಕಳು ಚಾಪೆಯ ಮೇಲೆ ನಿದ್ದೆಗೆ ಬಿದ್ದಿದ್ದಾರೆ. ದೂರದಲ್ಲಿ ದೊಂದಿಯ ಬೆಳಕು, ರಾಳ ಎರಚಿದಾಗ ಭಗ್ಗನೆ ಏಳುವ ಜ್ವಾಲೆ, ಚೆಂಡೆಯ ಪೆಟ್ಟು. ಜನರ ನಡುವಿನಿಂದಲೇ ಕೊಂಬು ಹೊತ್ತ ಮಹಿಷಾಸುರ ಬರುತ್ತಾನೆ. ನಿದ್ದೆಯಲ್ಲಿದ್ದ ಮಗು ಎದ್ದು ತಾಯಿಯ ಸೆರಗು ಹಿಡಿಯುತ್ತದೆ. ಹೆದರುವ ಖುಷಿ ಎಂದರೆ ಅದು. ಹ್ಯಾಲೋವೀನಿಗೆ ದುಡ್ಡು ಕೊಟ್ಟು ಕೊಳ್ಳುವ ಭಯವನ್ನು ನಮ್ಮ ಮೇಳಗಳು ಊರೂರಿನ ಬಯಲಲ್ಲಿ ಪುಕ್ಕಟೆ ಹಂಚಿವೆ.

ಆ ಮುಖ ಎಲ್ಲಿಂದ ಬಂತು? ಅಂಗಡಿಯಿಂದಲ್ಲ, ಚೌಕಿಯಿಂದ. ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹಿಟ್ಟನ್ನು ಸಣ್ಣ ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ಇಡುತ್ತಾನೆ. ಒಂದು ಚುಕ್ಕಿ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನಂತೆ ಎದ್ದು ನಿಲ್ಲುವ ಈ ಸಾಲಿಗೆ ಚುಟ್ಟಿ ಎಂದು ಹೆಸರು. ಕೆಂಪು, ಕಪ್ಪು, ಬಿಳಿ, ಹಳದಿ ರೇಖೆಗಳು ಎಲ್ಲೆಲ್ಲಿ ಬರಬೇಕು ಎಂಬುದಕ್ಕೆ ಲೆಕ್ಕವಿದೆ. ರಾವಣನ ಮುಖ ಬೇರೆ, ಮಹಿಷನ ಮುಖ ಬೇರೆ, ಶೂರ್ಪನಖಿಯ ಹೆಣ್ಣುಬಣ್ಣ ಬೇರೆ. ಗಂಟೆಗಟ್ಟಲೆ ಕೂತು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ, ಬೆಳಗಾದಾಗ ತಾನೇ ಕಿತ್ತು ತೆಗೆಯುತ್ತಾನೆ. ಪ್ರತಿ ರಾತ್ರಿ ಹೊಸ ಮುಖ. ಬಣ್ಣದ ಮಾಲಿಂಗ, ಬಣ್ಣದ ಕುಟ್ಯಪ್ಪು ಮುಂತಾದ ಕಲಾವಿದರಿಗೆ ಈ ವಿದ್ಯೆಯೇ ಹೆಸರಿನ ಮೊದಲ ಪದವಾಯಿತು. ವಿದ್ಯೆಯೊಂದು ಮನುಷ್ಯನ ಹೆಸರಿಗೇ ಸೇರಿಕೊಳ್ಳಬೇಕಾದರೆ ಊರು ಅದಕ್ಕೆ ಎಷ್ಟು ಮರ್ಯಾದೆ ಕೊಟ್ಟಿರಬೇಕು!

ಮನೆ ಮನೆಗೆ ವೇಷ ಹೋಗುವುದಂತೂ ತುಳುನಾಡಿಗೆ ಹೊಸದೇ ಅಲ್ಲ. ಆಟಿ ತಿಂಗಳ ಮಳೆಯಲ್ಲಿ ತೆಂಗಿನ ಸಿರಿ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಓಲೆಯ ಕೊಡೆ ತಿರುಗಿಸುತ್ತ ಆಟಿ ಕಳೆಂಜ ಅಂಗಳಕ್ಕೆ ಬರುತ್ತಾನೆ. ಊರಿನ ಮಾರಿ, ರೋಗ ಕಳೆಯುವವನು ಎಂದು ಮನೆಯವರು ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆ. ಮಾರ್ನೆಮಿಗೆ ಹುಲಿ, ಕರಡಿ ಮುಂತಾದ ಬಗೆಬಗೆಯ ವೇಷಗಳು.

ಹ್ಯಾಲೋವೀನಿನ ಬೇರನ್ನು ಹುಡುಕಿದರೂ ಸಿಗುವುದು ಇಂಥದೇ ಬಡ ರೈತರ ಅಂಗಳ. ಐರ್ಲೆಂಡಿನ ಹಳ್ಳಿಗರು ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರ ಆತ್ಮಗಳು ಓಡಾಡುತ್ತವೆ ಎಂದು ನಂಬಿದ್ದರು. ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಸುಲಭವಾಗಿ ಸಿಕ್ಕ ಕುಂಬಳಕಾಯಿ ಅದರ ಜಾಗಕ್ಕೆ ಬಂತು. ಮುಖವಾಡ, ದೀಪ ಎಲ್ಲ ಮನೆಯಲ್ಲೇ ಮಾಡಿದ್ದು. ಅಂಗಡಿಯವರು ಬಂದದ್ದು ಆಮೇಲೆ.

ಸಿನಿಮಾದವರ ಕಥೆಯನ್ನೂ ಕೇಳಿ. 1978ರಲ್ಲಿ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ಎಂಬ ಚಿತ್ರ ತೆಗೆದಾಗ ಕೊಲೆಗಾರನ ಮುಖವಾಡಕ್ಕೆ ದುಡ್ಡಿರಲಿಲ್ಲ. ಅಂಗಡಿಯಲ್ಲಿ ಎರಡು ಡಾಲರಿನೊಳಗೆ ಸಿಕ್ಕ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ರಬ್ಬರ್ ಮುಖವನ್ನು ತಂದು, ಕಣ್ಣಿನ ತೂತು ಹಿಗ್ಗಿಸಿ, ಕೆನ್ನೆಗೂದಲು ಕಿತ್ತು, ಬಿಳಿ ಬಣ್ಣ ಹೊಡೆದರು. ಜಗತ್ತನ್ನು ಹೆದರಿಸಿದ ಮುಖ ಅದೇ. ಕೋಟಿ ಸುರಿದು ಮಾಡಿದ್ದಲ್ಲ, ಕತ್ತರಿ ಹಿಡಿದ ಕೈ ಮಾಡಿದ್ದು. ಹಾಲಿವುಡ್ಡಿನಿಂದ ನಾವು ಕಲಿಯಬೇಕಾದದ್ದು ಇದ್ದರೆ ಇದನ್ನು ಕಲಿಯೋಣ.

ಕನ್ನಡದಲ್ಲಿ ಹೇಳಲಾಗದೇ?

'ಇಂಥ ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳುವುದು ಕಷ್ಟ' ಎಂದು ಕೆಲವು ವಿದ್ಯಾವಂತರು ಮೂಗು ಮುರಿಯುತ್ತಾರೆ. ಹೌದೇ ಸ್ವಾಮಿ? ಇಗೋ ಹೇಳುತ್ತೇವೆ. ತೋಡಾರಿನ ಏಳನೇ ಕ್ಲಾಸಿನ ಹುಡುಗಿಗೆ ಅರ್ಥವಾಗದಿದ್ದರೆ ಕೇಳಿ.

ಮೊದಲು ಮಣ್ಣು. ಹಂಚಿಗೆ ಹೆಸರಾದ ಜಿಲ್ಲೆಯಲ್ಲಿ ಜೇಡಿಮಣ್ಣಿಗೆ ಬರವಿಲ್ಲ. ಚೌತಿಯ ಗಣಪತಿ ಮಾಡುವವರ ಬಳಿ ಕೇಳಿದರೂ ಸಿಗುತ್ತದೆ. ಕಲ್ಲು ತೆಗೆದು ಹದವಾಗಿ ನಾದಿ, ಹಲಗೆಯ ಮೇಲೆ ಬೋರಲು ಹಾಕಿದ ಮಡಕೆಯ ಮೇಲೆ ನಿಮ್ಮ ರಕ್ಕಸನ ಮುಖವನ್ನು ಕಟ್ಟಿರಿ. ಹುಬ್ಬು, ಕೋರೆಹಲ್ಲು, ಸುಕ್ಕು, ನರ ಎಲ್ಲ ಈಗಲೇ ಬರಬೇಕು. ರಬ್ಬರ್ ಒಣಗುವಾಗ ಸ್ವಲ್ಪ ಕುಗ್ಗುವುದರಿಂದ ಮುಖ ಹಾಕಿಕೊಳ್ಳುವವರ ಅಳತೆಗಿಂತ ತುಸು ದೊಡ್ಡದಿರಲಿ.

ಎರಡನೆಯದು ಅಚ್ಚು. ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ನೀರಿಗೆ ಉದುರಿಸಿ ಕಲಸಿ. ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ಮೊದಲ ಪದರ ತೆಳ್ಳಗೆ, ಮಣ್ಣಿನ ಪ್ರತಿ ಸುಕ್ಕಿಗೂ ಇಳಿಯುವಂತೆ ಹಚ್ಚಿ. ಮೇಲಿನ ಪದರಗಳಲ್ಲಿ ಗೋಣಿಯ ತುಂಡು ಸೇರಿಸಿದರೆ ಅಚ್ಚು ಒಡೆಯುವುದಿಲ್ಲ. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ, ಆದ್ದರಿಂದ ಕೈಯನ್ನಾಗಲಿ ಮುಖವನ್ನಾಗಲಿ ಅದರೊಳಗೆ ಇಡಲೇಬಾರದು. ಪೂರ್ತಿ ಗಟ್ಟಿಯಾದ ಮೇಲೆ ಮಗುಚಿ, ಒಳಗಿನ ಮಣ್ಣನ್ನು ಬಗೆದು ತೆಗೆದು, ತೊಳೆದು, ಕೆಲವು ದಿನ ಬಿಸಿಲಿಗಿಡಿ. ಈಗ ನಿಮ್ಮ ಬಳಿ ಬಟ್ಟಲಿನಂಥ ಅಚ್ಚು ಇದೆ, ಒಳಗೆ ರಕ್ಕಸನ ಮುಖ ತಿರುವುಮುರುವಾಗಿ ಮೂಡಿದೆ. ಒಳಗೆ ಎಣ್ಣೆ, ಸಾಬೂನು ಹಚ್ಚಬೇಡಿ. ಅಚ್ಚು ನೀರು ಹೀರಬೇಕು, ಗುಟ್ಟಿರುವುದು ಅಲ್ಲೇ.

ಮೂರನೆಯದು ಹಾಲು. ಇಲ್ಲಿ ಒಂದು ಎಚ್ಚರ ಬೇಕು. ಮರದಿಂದ ಇಳಿಸಿದ ಹಸಿ ಹಾಲು ಆಗುವುದಿಲ್ಲ. ಅದರಲ್ಲಿ ರಬ್ಬರ್ ಇರುವುದು ಮೂರರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ಬಹುಪಾಲು ನೀರು. ಕೆಲವೇ ಗಂಟೆಗಳಲ್ಲಿ ಅದು ಹೆಪ್ಪುಗಟ್ಟಲು ತೊಡಗುತ್ತದೆ, ಒಣಗಿದರೂ ಅಂಟಂಟು ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಹಾಲನ್ನು ಕಡೆದು ರಬ್ಬರಿನ ಪಾಲನ್ನು ನೂರಕ್ಕೆ 60ರಷ್ಟಕ್ಕೆ ಏರಿಸಿ, ಕೆಡದಂತೆ ಅಮೋನಿಯಾ ಸೇರಿಸುತ್ತಾರೆ. ಗಂಧಕ ಬೆರೆಸಿ ಬಿಸಿಯಲ್ಲಿ ಹದಗೊಳಿಸಿದ ಮೇಲೆ ಅಂಟು ಹೋಗಿ, ಎಳೆದರೆ ಮತ್ತೆ ಹಿಂದಕ್ಕೆ ಬರುವ ಗುಣ ಬರುತ್ತದೆ. ಗಂಧಕದ ಈ ಉಪಾಯವನ್ನು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಹೀಗೆ ಹದ ಮಾಡಿದ ಲೇಟೆಕ್ಸ್ ಡಬ್ಬಗಳಲ್ಲಿ ಬರುತ್ತದೆ, ಅದನ್ನೇ ಕೇಳಿ ತನ್ನಿ.

ಹಾಲನ್ನು ಅಚ್ಚಿಗೆ ನಿಧಾನವಾಗಿ ಸುರಿದು, ಅಲುಗಿಸಿ, ಗುಳ್ಳೆಗಳನ್ನು ಒಡೆದು, ಅರ್ಧ ಗಂಟೆ ಬಿಡಿ. ಪ್ಲಾಸ್ಟರ್ ನೀರು ಹೀರಿದಂತೆ ಅದರ ಗೋಡೆಗೆ ರಬ್ಬರಿನ ಚರ್ಮ ಕಟ್ಟುತ್ತದೆ, ಕಾಸಿದ ಹಾಲಿಗೆ ಕೆನೆ ಕಟ್ಟಿದ ಹಾಗೆ. ಉಳಿದ ಹಾಲನ್ನು ಡಬ್ಬಕ್ಕೆ ವಾಪಸ್ ಸುರಿದು ಅಚ್ಚನ್ನು ಬೋರಲಾಗಿ ಬಸಿಯಲು ಇಡಿ. ಬಯಲುಸೀಮೆಯಲ್ಲಾದರೆ ಒಂದೆರಡು ದಿನ ಸಾಕು, ಕರಾವಳಿಯ ತೇವದಲ್ಲಿ ಇನ್ನೂ ಒಂದು ದಿನ ಹೆಚ್ಚು ಕಾಯಿರಿ. ಬಿಳಿ ಹಾಲು ಹಳದಿ ಬಣ್ಣಕ್ಕೆ ತಿರುಗಿದರೆ ಒಣಗಿದೆ ಎಂದು ತಿಳಿಯಿರಿ. ಒಳಗೆ ಟಾಲ್ಕಂ ಪೌಡರ್ ಎರಚಿ ಅಂಚಿನಿಂದ ಮೆಲ್ಲ ಸುಲಿಯಿರಿ. ಪೌಡರ್ ಮರೆತರೆ ಮುಖ ತನಗೆ ತಾನೇ ಅಂಟಿಕೊಂಡು ಮುದ್ದೆಯಾಗುತ್ತದೆ.

ಕೊನೆಗೆ ಕತ್ತರಿ ಮತ್ತು ಬಣ್ಣ. ಕಣ್ಣು, ಮೂಗು, ಬಾಯಿ ಧಾರಾಳವಾಗಿ ಕತ್ತರಿಸಿ, ಉಸಿರಿಗೆ ಅಡ್ಡಿಯಾಗಬಾರದು. ಗೋಡೆಗೆ ಹೊಡೆಯುವ ಪೇಂಟ್ ಹಚ್ಚಿದರೆ ಮುಖ ಮಡಚಿದಾಗ ಬಿರಿದು ಉದುರುತ್ತದೆ. ಬಣ್ಣದ ಪುಡಿಯನ್ನು ಅದೇ ಲೇಟೆಕ್ಸಿಗೆ ಕಲಸಿ ಹಚ್ಚಿ. ಕೂದಲಿಗೆ ತೆಂಗಿನ ನಾರು, ಸೆಣಬು ಇದ್ದೇ ಇದೆ. ಹಿಂದೆ ಎಲಾಸ್ಟಿಕ್ ಹೊಲಿಯಿರಿ. ಮುಗಿಯಿತು. ಅಚ್ಚು ಒಡೆಯದಿದ್ದರೆ ಮತ್ತೊಂದು, ಇನ್ನೊಂದು, ಇಡೀ ಕ್ಲಾಸಿಗೆ ಸಾಕಾಗುವಷ್ಟು ರಕ್ಕಸರು!

ಎಲ್ಲಿ ಅರ್ಥವಾಗಲಿಲ್ಲ ಹೇಳಿ? ಪ್ಲಾಸ್ಟರ್, ಲೇಟೆಕ್ಸ್, ಅಮೋನಿಯಾ ಮುಂತಾದ ಹೊರಗಿನ ಪದ ಬಂದವು, ಬರಲಿ. ಬಸ್ಸು, ಲೈಟು ಎಂದು ಹೇಳುವ ಕನ್ನಡಕ್ಕೆ ಅವು ಭಾರವಲ್ಲ. ನಾದು, ಹದ, ಕೆನೆ, ಬಸಿ, ಸುಲಿ ಎಂಬ ಪದಗಳು ಅಡುಗೆಮನೆಯಿಂದ, ಹೊಲದಿಂದ ತಾವಾಗಿ ಎದ್ದು ಬಂದವು. ಭಾಷೆಗೆ ಶಕ್ತಿ ಇಲ್ಲದೆ ಹೋಗಿಲ್ಲ. ಬರೆಯುವವರಿಗೆ ಮನಸ್ಸಿಲ್ಲ, ಅಷ್ಟೆ. 1982ರ ಗೋಕಾಕ್ ಚಳವಳಿಯಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿ ಬೀದಿಗಿಳಿದೆವು. ಕೈಕೆಲಸದ ವಿದ್ಯೆ ಕನ್ನಡದಲ್ಲಿ ಬೇಕು ಎಂದು ಕೇಳುವುದು ಅದರ ಮುಂದಿನ ಹೆಜ್ಜೆ.

ಎಚ್ಚರಿಕೆ ಯಾವ ಭಾಷೆಯಲ್ಲಿದೆ?

ಇದು ಬರೀ ಅಭಿಮಾನದ ಮಾತಲ್ಲ, ಕಣ್ಣು ಮತ್ತು ಚರ್ಮದ ಮಾತು. ಲೇಟೆಕ್ಸ್ ಡಬ್ಬದ ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವುದು ಅಮೋನಿಯಾ. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಿದರೆ ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನು ಕೆಲವರ ಮೈಗೆ ಆಗುವುದಿಲ್ಲ. ತುರಿಕೆ, ದದ್ದು ಏಳಬಹುದು, ಕೆಲವರಿಗೆ ಉಸಿರಾಟಕ್ಕೇ ಅಪಾಯವಾಗಬಹುದು. ಮಣಿಕಟ್ಟಿಗೆ ಒಂದು ಹನಿ ಹಚ್ಚಿ ನೋಡದೆ ಮುಂದುವರಿಯಬಾರದು, ಮೊದಲೇ ಅಲರ್ಜಿ ಇದ್ದವರು ಆ ಪರೀಕ್ಷೆಗೂ ಇಳಿಯಬಾರದು. ಅಚ್ಚಿಗೆ ಸುರಿಯುವ ಈ ಹಾಲನ್ನು ನೇರವಾಗಿ ಮುಖಕ್ಕೆ ಬಳಿಯುವುದಂತೂ ಬೇಡವೇ ಬೇಡ. ಹುಬ್ಬಿಗೆ ಅಂಟಿದರೆ ಹುಬ್ಬು ಕಿತ್ತೇ ಬರುತ್ತದೆ. ಇನ್ನೊಂದು ಮಾತು: ರಬ್ಬರ್ ಸುಡುತ್ತದೆ. ಹ್ಯಾಲೋವೀನ್ ಬರುವ ದಿನಗಳಲ್ಲೇ ನಮ್ಮ ದೀಪಾವಳಿ. ರಬ್ಬರ್ ಮುಖ ಹಾಕಿದ ಮಗು ಪಟಾಕಿಯ ಹತ್ತಿರ, ದೊಂದಿಯ ಹತ್ತಿರ, ರಾಳ ಎರಚುವ ಜಾಗದಲ್ಲಿ ನಿಲ್ಲಕೂಡದು.

ಈ ಎಚ್ಚರಿಕೆಗಳು ಡಬ್ಬದ ಮೇಲೆ ಯಾವ ಭಾಷೆಯಲ್ಲಿವೆ? ನೀವೇ ಅಂಗಡಿಗೆ ಹೋಗಿ ತಿರುಗಿಸಿ ನೋಡಿ. ಪ್ಯಾಕ್ ಮಾಡಿದ ಸರಕುಗಳ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2011ರ ನಿಯಮಗಳ ಪ್ರಕಾರ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು, ಕಡ್ಡಾಯವಿಲ್ಲ. ಅಂದರೆ ಕನ್ನಡ ಎಂಬುದು ಮಾರುವವನ ದಯೆ! ನಮ್ಮ ರಾಜ್ಯದಲ್ಲಿ 'ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022' ಎಂಬ ಕಾಯಿದೆ ಬಂತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಸ್ವಾಗತ. ಆದರೆ ಕೊಟ್ಟಾಯಂನಿಂದಲೋ ಚೀನಾದಿಂದಲೋ ಬಂದ ಡಬ್ಬಕ್ಕೆ ಆ ಆದೇಶದ ಬಿಸಿ ತಟ್ಟುವುದಿಲ್ಲ. ಅಮೋನಿಯಾ ಮಾತ್ರ ಊರು ಕೇಳಿ ಕಣ್ಣು ಉರಿಸುವುದಿಲ್ಲ. ಭಾಷೆಯ ಹಕ್ಕು ಎಂದರೆ ಬೋರ್ಡಿನ ಹಕ್ಕು ಮಾತ್ರ ಎಂದು ತಿಳಿದವರು ಒಮ್ಮೆ ಈ ಡಬ್ಬವನ್ನು ಕೈಯಲ್ಲಿ ಹಿಡಿದು ಯೋಚಿಸಬೇಕು.

ಯಾವ ಮುಖ ಮಾಡಬಾರದು

ಮುಖ ಮಾಡುವ ವಿದ್ಯೆಗೆ ಒಂದು ಧರ್ಮವೂ ಉಂಟು. ನಮ್ಮ ಕರಾವಳಿಯ ವೇಷಗಳ ಚರಿತ್ರೆಯೆಲ್ಲ ಹೆಮ್ಮೆಪಡುವಂಥದ್ದಲ್ಲ. ಮಾರ್ನೆಮಿಯ ಹೊತ್ತಿಗೆ ಮೈಗೆ ಮಸಿ ಬಳಿದುಕೊಂಡು 'ಕೊರಗ ವೇಷ' ಹಾಕಿ, ಒಂದು ಸಮುದಾಯದ ಬಡತನವನ್ನು, ಬಣ್ಣವನ್ನು, ಮಾತನ್ನು ಗೇಲಿ ಮಾಡಿ ಹಣ ಎತ್ತುತ್ತಿದ್ದ ಕಾಲವಿತ್ತು. ಕೊರಗರು ಅದನ್ನು ವಿರೋಧಿಸಿ ಹೋರಾಡಿದರು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನೇ ನಿಷೇಧಿಸುವ ಕಾಯಿದೆ 2000ದಲ್ಲಿ ಬಂತು. ರಕ್ಕಸನ ಮುಖ ಮಾಡಿ, ದೆವ್ವದ ಮುಖ ಮಾಡಿ, ಆದರೆ ನೆರೆಯವನ ಮುಖವನ್ನು ರಕ್ಕಸನದು ಮಾಡಬೇಡಿ. ಬಲಿಷ್ಠನನ್ನು ಅಣಕಿಸುವ ವೇಷಕ್ಕೆ ಎದೆಗಾರಿಕೆ ಬೇಕು, ಬಡವನನ್ನು ಅಣಕಿಸಲು ಏನೂ ಬೇಡ.

ಹಾಗೆಯೇ ದೈವದ ಮೊಗ. ಪಂಜುರ್ಲಿಯ, ಜುಮಾದಿಯ ಲೋಹದ ಮೊಗಗಳು ಆಟಿಕೆಯಲ್ಲ, ನಂಬಿದವರ ಪಾಲಿಗೆ ಅವು ದೈವದ ಸನ್ನಿಧಿ. 2022ರಲ್ಲಿ 'ಕಾಂತಾರ' ಚಿತ್ರ ಬಂದ ಮೇಲೆ ಕಂಡ ಕಂಡಲ್ಲಿ ದೈವದ ವೇಷ ಹಾಕಿ ಕುಣಿದದ್ದಕ್ಕೆ ತುಳುನಾಡಿನ ಜನ ನೊಂದುಕೊಂಡರು. ಆ ನೋವಿಗೆ ಕಾರಣವಿದೆ. ಕೋಲ ಕಟ್ಟುವವರು ಹರಕೆ, ನೇಮ, ಪಥ್ಯ ಎಂದು ದಿನಗಟ್ಟಲೆ ನಡೆದುಕೊಂಡು ಮುಟ್ಟುವ ಮೊಗವನ್ನು ರಬ್ಬರಿನಲ್ಲಿ ಎರಕ ಹೊಯ್ದು ಪಾರ್ಟಿಗೆ ಹಾಕಿಕೊಂಡು ಹೋಗುವುದು ಕಲೆಯಲ್ಲ. ಮನೆಯಲ್ಲೇ ಮಾಡಿ ಎನ್ನುವಾಗ ಇದನ್ನೂ ಸ್ಪಷ್ಟ ಮಾಡಬೇಕು: ನಿಮ್ಮ ತಲೆಯಿಂದ ಹುಟ್ಟಿದ ರಕ್ಕಸ ಬೇಕು. ಅಜ್ಜಿ ಹೇಳಿದ ಕಥೆಯ ಗುಳಿಗಣ್ಣಿನ ಮುದುಕಿ ಇರಲಿ, ನೀವೇ ಕಂಡ ಕೆಟ್ಟ ಕನಸಿನ ಪ್ರಾಣಿ ಇರಲಿ. ಕಲ್ಪನೆಗೆ ಯಾರ ಅಪ್ಪಣೆಯೂ ಬೇಡ.

ವೇಷ ಹಾಕಿದವನ ಜೋಳಿಗೆ

ವೇಷದಿಂದ ಏನು ಸಾಧ್ಯ ಎಂಬುದಕ್ಕೆ ಉತ್ತರ ಉಡುಪಿಯಲ್ಲೇ ಇದೆ. ಕಟ್ಟಡದ ಕೂಲಿ ಕೆಲಸ ಮಾಡುವ ರವಿ ಕಟಪಾಡಿ ಅವರು ಕೃಷ್ಣ ಜನ್ಮಾಷ್ಟಮಿಯ ಹೊತ್ತಿಗೆ ವಿಚಿತ್ರ ಪ್ರಾಣಿಯಂಥ, ರಕ್ಕಸನಂಥ ವೇಷ ಹಾಕಿ ಬೀದಿಗಿಳಿಯುತ್ತಾರೆ. ಇಂಗ್ಲಿಷ್ ಸಿನಿಮಾದ ಭಯಾನಕ ಪಾತ್ರಗಳೂ ಅವರ ವೇಷಗಳಲ್ಲಿ ಬಂದಿವೆ. ಗಂಟೆಗಟ್ಟಲೆ ಮೈಯಲ್ಲಿ ಬಣ್ಣ, ಮುಖದ ಮೇಲೆ ಇನ್ನೊಂದು ಮುಖ, ಅದರೊಳಗೆ ಬೆವರು. ಜನ ಕೊಟ್ಟ ಹಣವನ್ನೆಲ್ಲ ಕಾಯಿಲೆ ಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಕೊಡುತ್ತಾರೆ. 2021ರಲ್ಲಿ ಅಮಿತಾಭ್ ಬಚ್ಚನ್ನರ ಕೌನ್ ಬನೇಗಾ ಕರೋಡ್‌ಪತಿ ಕಾರ್ಯಕ್ರಮಕ್ಕೂ ಅವರನ್ನು ಕರೆಸಿದರು.

ಇವರ ಮುಂದೆ ಹ್ಯಾಲೋವೀನ್ ನಮ್ಮದೋ ಪರದೇಶದ್ದೋ ಎಂಬ ಜಗಳ ಸಣ್ಣದಾಗಿ ಕಾಣುತ್ತದೆ. ವೇಷ ಹಾಲಿವುಡ್ಡಿನದಿರಬಹುದು, ಬೀದಿ ಉಡುಪಿಯದು, ಕೈ ಕೂಲಿಯವನದು, ಉಪಕಾರ ಊರಿನ ಮಗುವಿಗೆ. ಆಟಿ ಕಳೆಂಜ ಮಾರಿ ಕಳೆಯಲು ಅಂಗಳಕ್ಕೆ ಬಂದ, ಇವರು ಆಸ್ಪತ್ರೆಯ ಬಿಲ್ಲು ಕಟ್ಟಲು ಬೀದಿಗೆ ಬಂದರು. ಹೊರಗಿನದನ್ನು ನಮ್ಮದು ಮಾಡಿಕೊಳ್ಳುವುದು ಎಂದರೆ ಹೀಗೆ. ಪ್ಯಾಕೆಟ್ಟಿನಲ್ಲಿ ಬಂದ ಮುಖಕ್ಕೆ ಈ ಯೋಗ್ಯತೆ ಬರುವುದುಂಟೇ?

ಆಗಬೇಕಾದದ್ದು

ಬರೀ ಬೈದು ಕೈತೊಳೆದುಕೊಳ್ಳುವುದು ನಮ್ಮ ಕೆಲಸವಲ್ಲ. ಆದ್ದರಿಂದ ಕೇಳುತ್ತೇವೆ:

ಒಂದು, ರಾಸಾಯನಿಕ ಇರುವ ಯಾವುದೇ ಡಬ್ಬ ಕರ್ನಾಟಕದಲ್ಲಿ ಮಾರಾಟವಾಗಬೇಕಾದರೆ, ಅದು ಎಲ್ಲಿ ತಯಾರಾದರೂ ಸರಿ, ಎಚ್ಚರಿಕೆಯ ಮಾತು ಕನ್ನಡದಲ್ಲಿ ಇರಲೇಬೇಕು. ಅದಕ್ಕಾಗಿ ಕೇಂದ್ರದ ನಿಯಮ ತಿದ್ದಬೇಕಾದರೆ ನಮ್ಮ ಸಂಸದರು ಬಾಯಿ ಬಿಡಲಿ.

ಎರಡು, ಸರ್ಕಾರಿ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷದ ಸ್ಪರ್ಧೆಯೂ ಇದೆ, ಮಣ್ಣಿನ ಮಾದರಿಯ ಸ್ಪರ್ಧೆಯೂ ಇದೆ. ಎರಡನ್ನೂ ಕೂಡಿಸಿ. ಬಾಡಿಗೆಗೆ ತಂದ ವೇಷಕ್ಕಿಂತ ಮಗು ತಾನೇ ಮಾಡಿದ ವೇಷಕ್ಕೆ ಹೆಚ್ಚು ಅಂಕ ಕೊಡಿ. ದುಡ್ಡಿದ್ದವರ ಮಗು ಗೆಲ್ಲುವ ಸ್ಪರ್ಧೆ ಆಗ ಕೈ ಇದ್ದವರ ಮಗು ಗೆಲ್ಲುವ ಸ್ಪರ್ಧೆಯಾಗುತ್ತದೆ. ಹತ್ತು ವರ್ಷದ ಮಕ್ಕಳಿಗೆ ಲೇಟೆಕ್ಸ್ ಬೇಡ. ಹಳೇ ಪತ್ರಿಕೆ ಮತ್ತು ಮೈದಾ ಅಂಟಿನಿಂದಲೇ ಚಂದದ ರಕ್ಕಸ ಹುಟ್ಟುತ್ತಾನೆ.

ಮೂರು, ರಬ್ಬರ್ ಮಂಡಳಿಯ ಪ್ರಧಾನ ಕಚೇರಿ ಕೊಟ್ಟಾಯಂನಲ್ಲಿದೆ, ಇರಲಿ. ಆದರೆ ಬೆಳ್ತಂಗಡಿ, ಸುಳ್ಯ, ಕಡಬದ ಬೆಳೆಗಾರರ ಮಕ್ಕಳಿಗೆ ಲೇಟೆಕ್ಸಿನಿಂದ ಸರಕು ಮಾಡುವ ತರಬೇತಿ ಇಲ್ಲೇ, ಕನ್ನಡದಲ್ಲಿ ಸಿಗಬೇಕು. ತೋಡಾರು, ಮಿಜಾರುಗಳಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯೆ ಕಾಂಪೌಂಡ್ ದಾಟಿ ಪಕ್ಕದ ಗುಡ್ಡಕ್ಕೆ ಹೋಗಲಿ.

ನಾಲ್ಕು, ಚುಟ್ಟಿ ಇಡುವ, ಬಣ್ಣ ಬರೆಯುವ ವಿದ್ಯೆಯನ್ನು ಬಲ್ಲ ಹಿರಿಯರು ಇರುವಾಗಲೇ ಯಕ್ಷಗಾನ ಅಕಾಡೆಮಿ ಅದನ್ನು ಹಂತ ಹಂತವಾಗಿ ಚಿತ್ರ ಸಹಿತ ಸಣ್ಣ ಪುಸ್ತಕಗಳಾಗಿ ತರಲಿ. ಪ್ರಬಂಧ ಬೇಡ, ಕೈಪಿಡಿ ಬೇಕು. ಓದಿ ಮುಗಿಸಿದವನು ಹಿಟ್ಟು ಕಲಸಲು ಏಳುವಂತಿರಬೇಕು.

ಕನ್ನಡ ಬಂಧುಗಳೇ, ಸರ್ಕಾರಕ್ಕೆ ಕಾಯುವ ಅಗತ್ಯವಿಲ್ಲದ ಕೆಲಸವೂ ಒಂದಿದೆ. ಚೌತಿಗೆ ಊರಿಗೆ ಜೇಡಿಮಣ್ಣು ಬಂದಾಗ ಎರಡು ಮುದ್ದೆ ಹೆಚ್ಚು ತರಿಸಿ. ಆಗಲೇ ಮುಖ ಕಟ್ಟಿದರೆ ಮಾರ್ನೆಮಿಯ ಹೊತ್ತಿಗೆ ಅಚ್ಚು ಒಣಗಿರುತ್ತದೆ, ಅಕ್ಟೋಬರ್ ಕೊನೆಗೆ ರಕ್ಕಸ ಸಿದ್ಧ. ಅವನನ್ನು 31ರ ರಾತ್ರಿಯೇ ಹೊರಗೆ ಬಿಡುತ್ತೀರೋ, ನವೆಂಬರ್ 1ರ ಮೆರವಣಿಗೆಯಲ್ಲಿ ಭುವನೇಶ್ವರಿಯ ತೇರಿನ ಮುಂದೆ ಕುಣಿಸುತ್ತೀರೋ ನಿಮಗೆ ಬಿಟ್ಟದ್ದು. ಎರಡೂ ದಿನ ಕುಣಿದರೂ ನಮ್ಮ ತಕರಾರಿಲ್ಲ. 'ಇದನ್ನು ಎಲ್ಲಿ ಕೊಂಡೆ?' ಎಂದು ಯಾರಾದರೂ ಕೇಳಿದಾಗ 'ಕೊಂಡದ್ದಲ್ಲ, ನಾನೇ ಮಾಡಿದ್ದು' ಎಂದು ನಿಮ್ಮ ಮಗು ಕನ್ನಡದಲ್ಲಿ ಹೇಳಲಿ. ಅಷ್ಟಾದರೆ ಸಾಕು.